ಈ ಕಡೆ ನೋಡಲೊಲ್ಲದ ಚಿಗರಿ

ನಮ್ಮ ಭಾಗದಲ್ಲಿ ಒಂದು ಕೆಲಸ ಕೆಡಬೇಕಾದರೆ ವೈರಿಗಳ ಅವಶ್ಯಕತೆ ಬೀಳುವುದಿಲ್ಲ. ಸಹಾಯಕ್ಕೆ ನಿಲ್ಲುವ ನಾಲ್ಕು ಜನ ಸಾಕು. ಅವರು ಕರೆಯದಿದ್ದರೂ ಬರುತ್ತಾರೆ, ಬಂದವರು ಕೆಲಸ ಪೂರ್ತಿಯಾಗಿ ಕೆಡುವವರೆಗೆ ಮನೆಗೆ ಹೋಗುವುದಿಲ್ಲ. ನಾನು ಇಲ್ಲಿ ಬರೆಯುತ್ತಿರುವ ಪ್ರಸಂಗಗಳಲ್ಲಿ ಒಬ್ಬನೇ ಒಬ್ಬ ದುಷ್ಟನಿಲ್ಲ. ಇದ್ದಿದ್ದರೆ ಯಾರ ಮೇಲೆ ಸಿಟ್ಟಾಗಬೇಕೆಂಬುದಾದರೂ ನನಗೆ ತಿಳಿಯುತ್ತಿತ್ತು.

ಜಮಖಂಡಿ, ಮುಧೋಳ ಸಂಸ್ಥಾನಗಳು ಮುಂಬಯಿ ರಾಜ್ಯದಲ್ಲಿ ಸೇರಿಹೋಗಿ ಕೆಲವೇ ವರ್ಷಗಳಾಗಿದ್ದವು. ನಾನು ಧಾರವಾಡದಲ್ಲಿ ವಿಜ್ಞಾನದ ಪದವಿ ಪಡೆದು, ಒಂದೂವರೆ ವರ್ಷ ಯಾರಿಗೂ ಬೇಡವಾಗಿ ಮನೆಯಲ್ಲಿ ಕುಳಿತು, ಕೊನೆಗೆ ಜಮಖಂಡಿಯ ಒಂದು ಸಣ್ಣ ಕಚೇರಿಯಲ್ಲಿ ತಾತ್ಪೂರ್ತಿಕ ಛಾಯಾಚಿತ್ರಗ್ರಾಹಕನಾಗಿ ಸೇರಿದೆ. ಬೀಳಗಿ ಮತ್ತು ಮುಧೋಳಗಳ ನಡುವೆ ಒಂದು ವಿಶಾಲವಾದ ಮಡ್ಡಿಯಿದೆ: ಕಲ್ಲು, ಕುರುಚಲು, ಕಾರೆಯ ಕಂಟಿ. ಸಂಸ್ಥಾನದ ಕಾಲದಲ್ಲಿ ಅದು ಶಿಕಾರಿಗೆ ಮೀಸಲಾಗಿತ್ತು. ಶಿಕಾರಿ ಮಾಡುವವರು ಹೋದರು, ಚಿಗರಿಗಳೆಂದು ನಾವು ಕರೆಯುವ ಜಿಂಕೆಗಳು ಉಳಿದುವು. ಈಗ ಆ ಮಡ್ಡಿಯನ್ನು ರಕ್ಷಿತ ವನವೆಂದು ಸಾರಬೇಕೋ, ಫರಸಿ ಕಲ್ಲಿನ ಗುತ್ತಿಗೆದಾರನಿಗೆ ಒಡೆಯಲು ಬಿಟ್ಟುಕೊಡಬೇಕೋ ಎಂಬುದನ್ನು ಮುಂಬಯಿಯಲ್ಲಿ ಕುಳಿತವರು ನಿರ್ಧರಿಸಬೇಕಿತ್ತು. ಅವರು ಮಡ್ಡಿಯನ್ನು ನೋಡಿರಲಿಲ್ಲ. ಆದ್ದರಿಂದ ಒಂದು ಅಚ್ಚಾದ ನಮೂನೆ ಕಳುಹಿಸಿ, ಮಾರ್ಚ್ ಅಖೇರಿಯೊಳಗೆ ಮೂರು ಚಿತ್ರಗಳನ್ನು ಕೇಳಿದರು: ಒಂದು ಚಿಗರಿ, ಕೃಷ್ಣೆಯ ಒಂದು ಮೊಸಳೆ, ಮತ್ತು ಮಡ್ಡಿಯ ಬುಡದಲ್ಲಿದೆಯೆಂದು ಹಳೆಯ ಕಾಗದವೊಂದು ಹೇಳುತ್ತಿದ್ದ ಬಿಸಿನೀರಿನ ಬುಗ್ಗೆ.

ಚಿತ್ರಗಳು ಒಪ್ಪಿಗೆಯಾದರೆ ಮಡ್ಡಿ ಉಳಿಯುತ್ತದೆ. ಆಗದಿದ್ದರೆ ಸುರಂಗಮದ್ದು ಬರುತ್ತದೆ. ನನ್ನ ನೌಕರಿಯೂ ಅದೇ ಫೈಲಿನಲ್ಲಿತ್ತು. ಕೆಲಸ ಹಿಡಿಯುವ ಮುಂಚೆ, ಮನೆಯವರ ಮುಖ ತಪ್ಪಿಸಿಕೊಳ್ಳಲು ತಿರುಗುತ್ತಿದ್ದ ದಿನಗಳಲ್ಲಿ, ಆ ಮಡ್ಡಿಯ ಮೇಲೆ ಒಂದು ಚಿಗರಿ ಮುಂಗಾಲೆತ್ತಿ ನಿಂತದ್ದನ್ನು ನಾನು ನೋಡಿದ್ದೆ. ಆ ವರ್ಷ ನಾನು ಕಂಡ ಜೀವಿಗಳಲ್ಲಿ ನನ್ನನ್ನು ‘ನೌಕರಿ ಸಿಕ್ಕಿತೇ’ ಎಂದು ಕೇಳದೆ ಹೋದದ್ದು ಅದೊಂದೇ. ಅದು ಉಳಿಯಬೇಕೆಂದು ನಾನು ಬಯಸಿದೆ. ಅಷ್ಟೇ ನನ್ನ ತಪ್ಪು.

ಹನ್ನೊಂದರಿಂದ ಐದು

ಕಚೇರಿಗೆ ಹೊಸ ಕ್ಯಾಮೆರಾ ಬಂದಿತು. ನಮ್ಮ ಹಿರಿಯ ಕಾರಕೂನರು ಅದನ್ನು ನಾಲ್ಕೂ ಕಡೆಯಿಂದ ನೋಡಿ, ಬೆಲೆಯುಳ್ಳ ವಸ್ತುವೆಂದು ತೀರ್ಮಾನಿಸಿ, ಕಬ್ಬಿಣದ ತಿಜೋರಿಯಲ್ಲಿಟ್ಟು ಬೀಗ ಹಾಕಿದರು. ಕೀಲಿ ಅವರ ಜನಿವಾರದಲ್ಲಿರುತ್ತಿತ್ತು. ತಿಜೋರಿ ಹನ್ನೊಂದಕ್ಕೆ ತೆರೆಯುತ್ತಿತ್ತು, ಐದಕ್ಕೆ ಮುಚ್ಚುತ್ತಿತ್ತು.

ಚಿಗರಿಗಳು ಬೆಳಕು ಹರಿಯುವ ಹೊತ್ತಿಗೆ ಮೇಯಲು ಹೊರಬೀಳುತ್ತವೆ. ಬಿಸಿಲೇರುತ್ತಲೇ ಕಂಟಿಗಳ ನೆರಳು ಸೇರಿದರೆ ಸಂಜೆಯವರೆಗೆ ಕದಲುವುದಿಲ್ಲ. ಜಮಖಂಡಿಯಿಂದ ಮಡ್ಡಿಗೆ ಬಸ್ಸು ಮತ್ತು ಕಾಲುನಡಿಗೆ ಸೇರಿ ಮೂರು ತಾಸು. ಹನ್ನೊಂದಕ್ಕೆ ಕ್ಯಾಮೆರಾ ಪಡೆದು ಎರಡಕ್ಕೆ ಮಡ್ಡಿ ಮುಟ್ಟಿ, ಕೂಡಲೇ ತಿರುಗಿ, ಐದಕ್ಕೆ ಅದನ್ನು ತಿಜೋರಿಗೆ ಒಪ್ಪಿಸಬೇಕು. ಹೀಗೆ ನಾನು ಎಂಟು ದಿನ ಕ್ಯಾಮೆರಾಕ್ಕೆ ಮಡ್ಡಿಯನ್ನು ತೋರಿಸಿಕೊಂಡು ಬಂದೆ.

ಒಂಬತ್ತನೆಯ ದಿನ ಲಿಖಿತ ಅರ್ಜಿ ಸಲ್ಲಿಸಿದೆ. ಕಾರಕೂನರು ಕನ್ನಡಕ ಏರಿಸಿ ಪೂರ್ತಿ ಓದಿದರು.

“ಎಲ್ಲಾ ಖರೆ ಅದ, ಪದವೀಧರರ. ಆದ್ರ ಸರಕಾರದ ವಸ್ತು ಕಚೇರಿ ಹೊತ್ತು ಮೀರಿ ಹೊರಗ ಇರಬಾರದು. ಆ ಚಿಗರಿಗೋಳು ಹನ್ನೊಂದರಿಂದ ಐದರೊಳಗ ಹೊರಗ ಬರೂ ಹಂಗ ಏನರೆ ವ್ಯವಸ್ಥಾ ಆಗ್ತದೇನು ನೋಡ್ರಲ್ಲಾ.”

“ಅವು ಕಾಡುಪ್ರಾಣಿ, ರಾಯರ.”

“ಮಡ್ಡಿ ಸರಕಾರದ್ದು ಹೌದೋ ಅಲ್ಲೋ?”

“ಹೌದ್ರಿ.”

“ಸರಕಾರದ ಜಾಗಾದಾಗ ಇರವ್ರು ಸರಕಾರದ ಹೊತ್ತಿಗೆ ಏಳಬೇಕಪಾ.”

ಆದರೆ ಅವರು ಕಠಿಣ ಹೃದಯದವರಲ್ಲ. ಎರಡು ದಿನ ನಿಯಮಗಳನ್ನು ತಿರುವಿ ಹಾಕಿ, ನನಗಾಗಿಯೇ ಒಂದು ದಾರಿ ಕಂಡುಹಿಡಿದರು. ಕ್ಯಾಮೆರಾ ತಿಜೋರಿಯಲ್ಲಿರಬೇಕೆಂದು ನಿಯಮವಿತ್ತು; ತಿಜೋರಿ ಕಚೇರಿಯಲ್ಲಿರಬೇಕೆಂದು ಎಲ್ಲಿಯೂ ಬರೆದಿರಲಿಲ್ಲ. ಮುರುಕು ಸಾಮಾನಿನ ಕೋಣೆಯಿಂದ ಒಂದು ಚಿಕ್ಕ ಕಬ್ಬಿಣದ ಪೆಟ್ಟಿಗೆ ಹೊರಬಂದಿತು. ಕ್ಯಾಮೆರಾದ ಹತ್ತು ಪಟ್ಟು ಭಾರದ ಆ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು, ಬುಡದ ಊರಿನಲ್ಲಿ ರಾತ್ರಿ ತಂಗಿ, ಮರುದಿನ ನಸುಕಿನಲ್ಲಿ ಮಡ್ಡಿ ಏರಿದೆ. ಮೂವತ್ತು ಹೆಜ್ಜೆಯಾಚೆ ಐದು ಚಿಗರಿಗಳು ನಿರಾತಂಕವಾಗಿ ಮೇಯುತ್ತಿದ್ದುವು. ಅರ್ಧ ತಾಸು ಮೇಯ್ದುವು. ಅಂಥ ಬೆಳಕು ಮತ್ತೆ ಬರಲಿಲ್ಲ.

ಕೀಲಿ ಜಮಖಂಡಿಯಲ್ಲಿ, ರಾಯರ ಜನಿವಾರದಲ್ಲಿತ್ತು.

ಕಿವಿಗೆ ಒಡೆದ ಕಾಯಿ

ರಾಯರಿಂದ ಕೀಲಿಯನ್ನೂ ಕೇಳಿ ಪಡೆದು ಮತ್ತೆ ಬಂದೆ. ಬುಡದ ಊರಿನಲ್ಲಿ ಒಬ್ಬ ಕುರಿಗಾಹಿ ಅಜ್ಜನಿದ್ದ. ಬೀರೇಶ್ವರನ ಭಕ್ತ. ಮಡ್ಡಿಯ ಕಲ್ಲು ಕಲ್ಲೂ ಅವನಿಗೆ ಗೊತ್ತು. ಗುತ್ತಿಗೆದಾರನ ಸುದ್ದಿ ನನಗಿಂತ ಮೊದಲೇ ಅವನ ಕಿವಿಗೆ ಬಿದ್ದಿತ್ತು.

“ಕಲ್ಲ ಒಡದ್ರ ಹುಲ್ಲಿಲ್ಲ. ಹುಲ್ಲಿಲ್ಲಂದ್ರ ಕುರಿ ಇಲ್ಲ. ಕುರಿ ಇಲ್ಲಂದ್ರ ನಾ ಯಾರ್ರಿ ಸಾಹೇಬ್ರ?” ಎಂದು ಕೇಳಿದ. “ಅದಕ್ಕ ನಿಮ್ಮ ಫೋಟೋ ನಾ ತಗಿಸಿ ಕೊಡ್ತೇನಿ. ಚಿಗರಿ ಮನಷ್ಯಾರ್ನ ಕಂಡ್ರ ಓಡ್ತೈತಿ. ಕುರಿ ಕಂಡ್ರ ಓಡೂದಿಲ್ಲ. ನೀವ ಕುರಿ ಆಗ್ರಿ.”

ಇದು ಶಾಸ್ತ್ರಶುದ್ಧವಾದ ಸಲಹೆಯಾಗಿತ್ತು. ಮರುದಿನ ಬೆಳಗಿನ ಜಾವ, ಪದವಿ ಪರೀಕ್ಷೆಯಲ್ಲಿ ದ್ವಿತೀಯ ದರ್ಜೆ ಪಡೆದ ನಾನು ಅಜ್ಜನ ಕರಿಯ ಕಂಬಳಿ ಹೊದ್ದು, ನಾಲ್ಕು ಕಾಲಿನ ಮೇಲೆ, ಅರವತ್ತು ಕುರಿಗಳ ನಡುವೆ ಮಡ್ಡಿಯ ಮೇಲೆ ತೆವಳಿದೆ. ಕುರಿಗಳು ನನ್ನನ್ನು ಒಪ್ಪಿಕೊಂಡುವು. ಒಂದು ಟಗರು ಮಾತ್ರ ಒಪ್ಪಲಿಲ್ಲ. ಎರಡು ಸಲ ಬಂದು ನನ್ನ ಅಭಿಪ್ರಾಯ ವಿಚಾರಿಸಿ ಹೋಯಿತು. ಆದರೂ ಮುಂದೆ ಸಾಗಿದೆ. ಹದಿನೈದು ಹೆಜ್ಜೆಯಾಚೆ ಚಿಗರಿ ನಿಂತಿತ್ತು, ಪಕ್ಕೆ ನಮ್ಮ ಕಡೆ, ಮುಖ ಮೂಡಣದ ಕಡೆ. ಕಂಬಳಿಯ ಸಂದಿನಿಂದ ಕ್ಯಾಮೆರಾ ಹೊರಗೆ ತಂದೆ. ಉಸಿರು ಬಿಗಿಹಿಡಿದೆ.

ಅಜ್ಜ ಎದ್ದು ನಿಂತು, ಎರಡೂ ಕೈಯೆತ್ತಿ ಚಪ್ಪಾಳೆ ತಟ್ಟಿ ಕೂಗಿದ: “ಹುರ್ರ್! ಲೇ, ಈ ಕಡೆ ನೋಡಲೇ! ಫೋಟೋ ತಗ್ಯಾಕತ್ತಾರ!”

ನನ್ನ ಕೈಗೆ ಸಿಕ್ಕಿದ್ದು ಧೂಳು, ಧೂಳಿನ ಮುಂದೆ ಒಂದು ಬಿಳಿಯ ಹಿಂಭಾಗ.

ನಾನು ಕಂಬಳಿ ಕೊಡವಿ ಎದ್ದೆ. ಒಬ್ಬ ವಿದ್ಯಾವಂತ ಹೇಳಬಾರದ ಎರಡು ಮಾತು ಹೇಳಿದೆ. ಅಜ್ಜ ಬೇಸರ ಮಾಡಿಕೊಳ್ಳಲಿಲ್ಲ. ಕುಳಿತು, ಎಲೆಯಡಿಕೆ ಚೀಲ ಬಿಚ್ಚಿದ.

“ಸಿಟ್ಟಿಗೇಳಬ್ಯಾಡ್ರಿ. ಫೋಟೋದಾಗ ಮಾರಿ ಕಾಣಬೇಕ. ನಮ್ಮೂರಿಗೆ ಒಮ್ಮಿ ಫೋಟೋದವಾ ಬಂದಿದ್ದ. ಮನಿ ಮಂದಿನೆಲ್ಲಾ ಸಾಲಾಗಿ ಕುಂದ್ರಿಸಿದ. ಈ ಕಡೆ ನೋಡ್ರಿ ಅಂದ. ಎಲ್ಲಾರೂ ನೋಡಿದ್ವಿ. ನಮ್ಮಣ್ಣ ಒಬ್ಬಾಂವ ಆ ಹೊತ್ತಿಗೇ ಟಗರ ಎಲ್ಲಿ ಹೋತು ಅಂತ ಹೊಳ್ಳಿ ಹಿಂದ ನೋಡಿದ. ಫೋಟೋದಾಗ ಅವಂದು ಕಿವಿ ಒಂದ ಬಂತರಿ. ಮರು ವರ್ಷ ತೀರ್ಕೊಂಡ. ಬ್ಯಾರೆ ಫೋಟೋ ಇಲ್ಲ.” ಅವನು ಸುಣ್ಣ ಸವರಿದ. “ಇವತ್ತಿಗೂ ಅಮಾಸಿಗೆ ಆ ಕಿವಿಗೇ ಕಾಯಿ ಒಡೀತೇವಿ. ಚಿಗರೀಗೂ ಹಂಗ ಆಗಬಾರ್ದಲ್ರಿ.”

ನನ್ನ ಸಿಟ್ಟು ಅಲ್ಲಿಯೇ ಇಳಿಯಬೇಕಿತ್ತು. ಅವನು ಎಲೆ ಬಾಯಿಗಿಟ್ಟುಕೊಂಡು ಮುಂದುವರಿಸದಿದ್ದರೆ ಇಳಿಯುತ್ತಿತ್ತು:

“ಆದ್ರೂ ಒಂದ ಚಣಾ ನೋಡಿತ್ತಲ್ರಿ ಈ ಕಡೆ. ನೀವ ತಡಾ ಮಾಡಿದ್ರಿ.”

ಗಲಗಲಿಯ ಪ್ರದಕ್ಷಿಣೆ

ಚಳಿಗಾಲದಲ್ಲಿ ಗಲಗಲಿಯ ಹತ್ತಿರ ಕೃಷ್ಣಾ ಹೊಳೆಯ ನಡುವಿನ ಮರಳದಿಣ್ಣೆಯ ಮೇಲೆ ಮೊಸಳೆ ಬಿಸಿಲು ಕಾಯಿಸುತ್ತದೆ. ಮುಂಜಾನೆ ಹತ್ತಕ್ಕೆ ಬಂದು ನಾಲ್ಕಕ್ಕೆ ಹೋಗುತ್ತದೆ. ಕಾರಕೂನರು ಈ ಸಂಗತಿ ಕೇಳಿ, ಆ ಪ್ರಾಣಿಯ ಶಿಸ್ತನ್ನು ಬಾಯಿ ತುಂಬ ಹೊಗಳಿದರು.

ಅಂಬಿಗ ನನ್ನನ್ನೂ ಕಬ್ಬಿಣದ ಪೆಟ್ಟಿಗೆಯನ್ನೂ ಹರಿಗೋಲಿನಲ್ಲಿ ಕೂಡಿಸಿಕೊಂಡ. ಹರಿಗೋಲೆಂದರೆ ಚರ್ಮ ಹೊದಿಸಿದ ಒಂದು ದುಂಡನೆಯ ಬುಟ್ಟಿ. ಹುಟ್ಟು ಹಾಕುತ್ತಿರುವವರೆಗೆ ಅದು ಮುಂದೆ ಹೋಗುತ್ತದೆ. ಮೊಸಳೆ ಇಪ್ಪತ್ತು ಮಾರು ದೂರದಲ್ಲಿ ಬಾಯಿ ತೆರೆದು ಮಲಗಿದ್ದಾಗ, ಹುಟ್ಟಿನ ಸಪ್ಪಳಕ್ಕೆ ಅದು ಎಚ್ಚತ್ತೀತೆಂದು ಅಂಬಿಗ ಹುಟ್ಟನ್ನು ಮೆಲ್ಲಗೆ ಒಳಗೆಳೆದುಕೊಂಡ. ಆ ಕ್ಷಣದಿಂದ ಹರಿಗೋಲು ತನ್ನ ನಿಜವಾದ ಸ್ವಭಾವಕ್ಕೆ ಮರಳಿತು, ತಿರುಗತೊಡಗಿತು.

“ನಿಲ್ಲಸೋ!” ಎಂದೆ.

“ನಿಲ್ಲಿಸೇನಲ್ರಿ, ಹುಟ್ಟ ತಗದೇನಿ!”

“ತಿರಗಾಕತ್ತೈತಿ!”

“ತಿರಗ್ಲಿ ಬಿಡ್ರಿ. ಹೊಳ್ಳಿ ಮೊಸಳಿ ಕಡೇನ ಬರ್ತೈತಿ. ಎಲ್ಲಿ ಹೋಗ್ತೈತಿ?”

ತರ್ಕದಲ್ಲಿ ದೋಷವಿರಲಿಲ್ಲ. ಮೊಸಳೆ ಪ್ರತಿ ಸುತ್ತಿಗೊಮ್ಮೆ ನನ್ನ ಮುಂದೆ ಬರುತ್ತಿತ್ತು. ಬಂದಿತೆಂದು ನಾನು ಗುಂಡಿ ಒತ್ತುವಷ್ಟರಲ್ಲಿ ಹೋಗಿರುತ್ತಿತ್ತು. ಪೆಟ್ಟಿಗೆಯ ಭಾರಕ್ಕೆ ಹರಿಗೋಲು ಒಂದು ಕಡೆಗೆ ವಾಲಿದ್ದರಿಂದ ಸುತ್ತು ಇನ್ನಷ್ಟು ಚುರುಕಾಗಿತ್ತು. ಎಂಟು ಚಿತ್ರಗಳಾದುವು. ತಲೆ ನಿಂತಲ್ಲಿ ನಿಲ್ಲುವಷ್ಟರಲ್ಲಿ ಮೊಸಳೆ ನೀರಿಗಿಳಿದಿತ್ತು.

ನಮ್ಮ ಸುತ್ತಿಗೆಲ್ಲ ಫಿಲ್ಮು ತೊಳೆಯುವ ಸ್ಟುಡಿಯೋ ಇದ್ದದ್ದು ರಬಕವಿಯಲ್ಲಿ. ಅದರ ಮಾಲಕರು ಮೊದಲು ಬನಹಟ್ಟಿಯ ಮಗ್ಗಗಳಿಗೆ ಸೀರೆಯ ದಡಿ ಮತ್ತು ಸೆರಗಿನ ನಕ್ಷೆ ಬರೆಯುತ್ತಿದ್ದವರು. ಆ ಕೈ ಈಗ ಫೋಟೋಗಳನ್ನು ತಿದ್ದುತ್ತಿತ್ತು. ವಧುವಿನ ಮೊಡವೆ ಕೆರೆದು ತೆಗೆಯುವುದು, ತೀರಿಹೋದ ಮೇಲೆ ತೆಗೆಸಿದ ಹಿರಿಯರ ಚಿತ್ರಕ್ಕೆ ಕಣ್ಣು ಬರೆದು ತೆರೆಯಿಸುವುದು, ಇವುಗಳಲ್ಲಿ ಅವರಿಗೆ ಸಮಾನರಿರಲಿಲ್ಲ. ತಿದ್ದದ ಚಿತ್ರವನ್ನು ಗಿರಾಕಿಯ ಕೈಗೆ ಕೊಡುವುದು ಅವರ ದೃಷ್ಟಿಯಲ್ಲಿ ದಡಿಯಿಲ್ಲದ ಸೀರೆ ಮಾರಿದಂತೆ.

ಎಂಟು ಚಿತ್ರಗಳಲ್ಲಿ ಗಲಗಲಿ ಸಂಪೂರ್ಣವಾಗಿ ಮೂಡಿತ್ತು: ಘಾಟು, ಗುಡಿಯ ಶಿಖರ, ಎಮ್ಮೆಗಳು, ಕಬ್ಬು, ಬಟ್ಟೆ ಒಗೆಯುವ ಹೆಂಗಸರು. ಒಂದು ಚಿತ್ರದ ಅಂಚಿನಲ್ಲಿ ಮಾತ್ರ ಮರಳಿನ ಮೇಲೆ ಉದ್ದನೆಯ ಕಪ್ಪು ಗೆರೆಯೊಂದು, ಮೊಸಳೆಯ ಬಾಲ, ಇದ್ದಿತಂತೆ. ಗೀರು ಬಿದ್ದಿದೆಯೆಂದು ತಿಳಿದು ಮಾಲಕರು ಅದನ್ನು ಅಳಿಸಿದ್ದರು. ಉಳಿದ ಶ್ರಮವನ್ನು ಘಾಟಿನ ಮೇಲೆ ಒದ್ದೆ ಪಂಜೆಯಲ್ಲಿ ನಿಂತಿದ್ದ ಒಬ್ಬ ಮುದುಕರ ಮೇಲೆ ಖರ್ಚು ಮಾಡಿದ್ದರು. ಅವರ ಬರಿಯ ಹೆಗಲ ಮೇಲೆ ಶಾಲು ಬಂದಿತ್ತು. ಪಂಜೆಗೆ ನಾಲ್ಕು ಬೆರಳಿನ ದಡಿ ಬಂದಿತ್ತು.

ಕಾರಕೂನರು ಚಿತ್ರ ಹಿಡಿದು ಕುರ್ಚಿಯಿಂದ ಎದ್ದುಬಿಟ್ಟರು. “ಅಯ್ಯ, ಇವ್ರು ನಮ್ಮ ಮಾವನವ್ರು! ಎಷ್ಟ ಲಕ್ಷಣಾಗಿ ಬಂದಾರ!”

“ರಾಯರ, ಮೊಸಳಿ ಎಲ್ಲೂ ಬಂದಿಲ್ಲ. ಈ ಕಾಲಂ ತುಂಬೂದು ಹೆಂಗ್ರಿ?”

ಅವರು ಆ ಚಿತ್ರವನ್ನೇ ಮೊಸಳೆಯ ಕಾಲಮಿಗೆ ಗುಂಡುಸೂಜಿಯಿಂದ ಚುಚ್ಚಿ, ದೂರದಿಂದ ಒಮ್ಮೆ ನೋಡಿದರು.

“ನೀವೇನು ಕಾಳಜಿ ಮಾಡಬ್ಯಾಡ್ರಿ. ನಾ ಇವರ ಮನ್ಯಾಗ ಆರು ತಿಂಗಳ ಇದ್ದಾಂವ. ಬ್ಯಾರೆ ಮೊಸಳಿ ಬೇಕಾಗೂದಿಲ್ಲ.”

ಜಳಕದ ನೀರು

ಮುಂಬಯಿಯ ನಮೂನೆಯಲ್ಲಿ ಬುಗ್ಗೆಯ ಮುಂದೆ ಎರಡು ಕಾಲಮುಗಳಿದ್ದುವು: ನೀರು ಚಿಮ್ಮುವ ಎತ್ತರ, ನೀರಿನ ಉಷ್ಣತೆ. ಎತ್ತು ಕಟ್ಟಿ ಎಳೆದರೂ ನೀರು ಮೇಲೆ ಬರಲು ಹಟ ಮಾಡುವ ನಾಡಿನಲ್ಲಿ ತಾನಾಗಿ ಚಿಮ್ಮುವ ಮಾತು ಬೇಡ. ಉಷ್ಣತೆಯನ್ನು ನಾನು ಮಾರ್ಗಶಿರದಲ್ಲಿಯೇ ಅಳೆದಿದ್ದೆ. ಸಂಸ್ಥಾನದ ಕಾಲದ ಯಾವನೋ ಬಿಳಿಯ ಅತಿಥಿ ಚಳಿಯ ಮುಂಜಾವಿನಲ್ಲಿ ಬುಗ್ಗೆಯ ಮೇಲೆ ಆವಿ ಏಳುವುದನ್ನು ಕಂಡು ‘ಬಿಸಿನೀರು’ ಎಂದು ಬರೆದುಹೋಗಿದ್ದ. ನೀರು ಬಿಸಿಯಾಗಿರಲಿಲ್ಲ, ಗಾಳಿ ತಣ್ಣಗಿತ್ತು. ಹಾಗೆಂದೇ ವರದಿ ಬರೆದೆ.

“ಇಲ್ಲ ಅಂತ ಬರದ್ರ ಕಾಲಂ ಖಾಲಿ ಉಳೀತದ,” ಎಂದು ಕಾರಕೂನರು ನನ್ನ ವರದಿಯನ್ನು ಮಡಚಿ ಇಟ್ಟುಕೊಂಡು, ಅದರ ಬದಲಿಗೆ ಏನು ಬರೆದರೋ, ಮಾರ್ಚಿನಲ್ಲಿ ಮುಂಬಯಿಯಿಂದ ಒಬ್ಬ ಸಾಹೇಬರು ಬುಗ್ಗೆ ನೋಡಲು ಸ್ವತಃ ಬಂದರು. ಕನ್ನಡ ಬಾರದು, ಮರಾಠಿ ಬರುತ್ತಿತ್ತು. ಆ ದಿನದ ಬಿಸಿಲಿಗೆ ಬುಗ್ಗೆಯ ನೀರು ಗಡಿಗೆಯ ನೀರಿನಂತೆ ತಣ್ಣಗಿರುತ್ತದೆಂದು ನನಗೆ ಗೊತ್ತಿತ್ತು. ಸಾಹೇಬರು ಮತ್ತು ಕಾರಕೂನರ ಜೊತೆ ಜೀಪಿನಲ್ಲಿ ಹೋಗುವಾಗ ಸತ್ಯ ಹೇಳುವ ವಾಕ್ಯಗಳನ್ನು ಮನಸ್ಸಿನಲ್ಲಿ ಜೋಡಿಸುತ್ತಿದ್ದೆ.

ಬುಗ್ಗೆಯ ಮೇಲೆ ಹಬೆ ಏಳುತ್ತಿತ್ತು. ನಡುಹಗಲಿನಲ್ಲಿ.

ಸಾಹೇಬರು ಬೆರಳದ್ದಿ, ಚೀರಿ, ಹಿಂದೆಗೆದರು. ಆಮೇಲೆ ಬೆರಳನ್ನು ಮೂಸಿ, ಟಿಪ್ಪಣಿ ಪುಸ್ತಕ ತೆಗೆದು, “ಗಂಧಕ!” ಎಂದು ಸಂತೋಷದಿಂದ ಬರೆದುಕೊಂಡರು. ನಾನೂ ಮೂಸಿದೆ. ಅದು ಸಗಣಿಯ ಕುಳ್ಳಿನ ಹೊಗೆ.

ಒಂದು ಕ್ಷಣ, ಇದನ್ನು ಒಪ್ಪಿಕೊಳ್ಳುತ್ತೇನೆ, ನಾನು ಸುಮ್ಮನಿದ್ದೆ. ಕುಳ್ಳಿನ ಹೊಗೆಯಿಂದ ಮಡ್ಡಿ ಉಳಿಯುವುದಾದರೆ ಉಳಿಯಲಿ ಎಂದುಕೊಂಡೆ. ಅಷ್ಟರಲ್ಲಿ ಕಂಟಿಯ ಮರೆಯಿಂದ ಊರ ಗೌಡರ ಹೆಂಡತಿ ಸೆರಗು ಸರಿಪಡಿಸಿಕೊಳ್ಳುತ್ತ ಬಂದಳು. ಅವಳ ಹಿಂದೆ ನಾಲ್ವರು ಹೆಂಗಸರು, ಇಬ್ಬಿಬ್ಬರ ನಡುವೆ ಒಂದೊಂದು ತಾಮ್ರದ ಹಂಡೆ. ದೂರದೂರಿನ ದೊಡ್ಡವರು ಬಿಸಿನೀರಿಗಾಗಿ ಬರುತ್ತಾರೆಂಬ ಸುದ್ದಿ ಊರಿಗೆ ಮುಟ್ಟಿತ್ತು. ಬಂದ ಅತಿಥಿ ತಣ್ಣೀರು ಮುಟ್ಟಿ ಹೋಗುವುದು ನಮ್ಮಲ್ಲಿ ಊರ ಮರ್ಯಾದೆಯ ಪ್ರಶ್ನೆ. ಮುಂಜಾನೆಯಿಂದ ಒಲೆ ಹೂಡಿ ಕಾಯಿಸಿ ಸುರಿದಿದ್ದರು.

ಅವಳು ನೇರವಾಗಿ ನನ್ನನ್ನೇ ಕೇಳಿದಳು: “ಯಪ್ಪಾ, ಸಾಹೇಬ್ರು ಜಳಕಾ ಇಲ್ಲೇ ಮಾಡ್ತಾರೋ, ಮನಿಗೆ ಬಂದ ಮಾಡ್ತಾರೋ? ಕೇಳಿ ಹೇಳ್ರಿ, ನೀರ ಆರಾಕತ್ತಾವು.”

ಸಾಹೇಬರು ಹಂಡೆಗಳನ್ನು ನೋಡಿದರು. ಅನುವಾದದ ಅಗತ್ಯ ಬೀಳಲಿಲ್ಲ. ಟಿಪ್ಪಣಿ ಪುಸ್ತಕದ ಹಾಳೆ ಹರಿದರು. ಜೀಪು ಹತ್ತುವಾಗ ನನಗೆ ಮರಾಠಿಯಲ್ಲಿ ಹೇಳಿದ್ದಿಷ್ಟೇ: ಮೊಸಳೆಯ ಜಾಗದಲ್ಲಿ ಮುದುಕರಿದ್ದಾರೆ, ಬುಗ್ಗೆಯಲ್ಲಿ ಹಂಡೆಯಿದೆ, ಇನ್ನುಳಿದದ್ದು ಚಿಗರಿ. ಅಖೇರಿಯೊಳಗೆ ನಿಜವಾದ ಒಂದು ಚಿತ್ರ ಬಂದರೆ ಮಡ್ಡಿಯ ಪರವಾಗಿ ನಾನೇ ಬರೆಯುತ್ತೇನೆ. ಇಲ್ಲದಿದ್ದರೆ ಇಲ್ಲ.

ಗೌಡರ ಹೆಂಡತಿಗೆ ಅವರು ಜಳಕ ಮಾಡದೆ ಹೋದದ್ದಕ್ಕೆ ಬಹಳ ಬೇಸರವಾಯಿತು. ನೀರು ಹಾಳಾಗಬಾರದೆಂದು ಕಾರಕೂನರು ತಮ್ಮ ಜಳಕವನ್ನು ಅಲ್ಲಿಯೇ ಮುಗಿಸಿಕೊಂಡರು.

ಎರಡು ಕಣ್ಣು

ಹತ್ತು ದಿನ ಉಳಿದಿದ್ದುವು. ಅಜ್ಜ, ನಾನು, ಕುರಿಗಳು ಮತ್ತೆ ಮಡ್ಡಿ ಏರಿದೆವು. ಕೀಲಿ ಈ ಸಲವೂ ನನ್ನ ಕೊರಳಿನಲ್ಲಿತ್ತು. ಏಳು ಬೆಳಗುಗಳು ವ್ಯರ್ಥವಾದುವು. ಎಂಟನೆಯ ಬೆಳಗು ಚಿಗರಿ ಬಂತು. ಒಂದೇ. ಹನ್ನೆರಡು ಹೆಜ್ಜೆಯಾಚೆ, ಒಂದು ಮುಂಗಾಲೆತ್ತಿ, ಕೊಂಬುಗಳ ಹಿಂದೆ ಹುಟ್ಟುವ ಸೂರ್ಯ, ಮೋರೆ ದೂರದ ಬಯಲಿನ ಕಡೆ. ನಾನು ಒಂದೂವರೆ ವರ್ಷದ ಹಿಂದೆ ಕಂಡ ನಿಲುವೇ ಅದು. ಪಕ್ಕದಲ್ಲಿ ಅಜ್ಜ ಕೂಗಬಾರದೆಂದು ಕಂಬಳಿಯ ಅಂಚನ್ನು ಬಾಯಿಯಲ್ಲಿ ಪೂರ್ತಿ ತುರುಕಿಕೊಂಡಿದ್ದ. ಕಣ್ಣಿನಲ್ಲಿ ನೀರು ಬಂದಿತ್ತು. ಗುಂಡಿ ಒತ್ತಿದೆ. ಸಪ್ಪಳಕ್ಕೆ ಚಿಗರಿ ಕಾಲೂರಿ, ಸೀನಿದಂತೆ ಒಂದು ಸದ್ದು ಮಾಡಿ, ಹೋಯಿತು.

ಅಜ್ಜ ಕಂಬಳಿ ಉಗುಳಿದ. “ಚಿತ್ರಾ ಛಲೋ ಬಂದಿರಬೇಕ್ರಿ. ಈ ಕಡೆ ನೋಡಲಿಲ್ಲ, ಅದೊಂದ ಹಳಹಳಿ.”

ಅದೇ ಸಂಜೆ ನನಗೆ ಬಿಸಿಲು ಬಡಿದು ಜ್ವರ ಬಂತು. ಕಚೇರಿಗೆ ಪೆಟ್ಟಿಗೆ ಮುಟ್ಟಿಸಿ ಹಾಸಿಗೆ ಹಿಡಿದೆ. ಫಿಲ್ಮನ್ನು ತೊಳೆದು ಮಾತ್ರ ಕೊಡಬೇಕು, ಒಂದು ಗೆರೆಯನ್ನೂ ಸೇರಿಸಕೂಡದು ಎಂದು ರಬಕವಿಗೆ ಬರೆಯಲು ಕಾಗದ ಕೇಳಿದ ನೆನಪಿದೆ, ಬರೆದ ನೆನಪಿಲ್ಲ. ಎಚ್ಚರಾದಾಗ ಏಪ್ರಿಲ್ ಬಂದಿತ್ತು, ಕಾರಕೂನರು ಮೂಸಂಬಿ ಹಿಡಿದು ತಲೆದಿಂಬಿನ ಹತ್ತಿರ ಕುಳಿತಿದ್ದರು.

“ಎಲ್ಲಾ ಹೊತ್ತಿಗೆ ಸರಿಯಾಗಿ ಕಳಿಸೇನಪಾ, ಕಾಳಜಿ ಬಿಡು,” ಎಂದರು. ಜ್ವರದಲ್ಲಿ ನಾನು ಪದವೀಧರನಾಗಿ ಉಳಿದಿರಲಿಲ್ಲ, ಮನೆಯ ಹುಡುಗನಾಗಿದ್ದೆ. “ನಿನ್ನ ನೌಕರಿ ಪ್ರಶ್ನಾ. ನಾ ಸ್ವತಃ ರಬಕವಿಗೆ ಹೋಗಿ, ನಮ್ಮ ಮಾವನವರದು ಮಾಡಿದಂಗ ಮಾಡಿ ಕೊಡ್ರಿ ಅಂತ ಹೇಳಿ ಬಂದೆ.”

ಕಚೇರಿಯ ಪ್ರತಿಯನ್ನು ಅವರು ಕಿಸೆಯಲ್ಲಿಯೇ ತಂದಿದ್ದರು.

ನಾನು ಕಂಡದ್ದನ್ನು ಕ್ರಮವಾಗಿ ಹೇಳುತ್ತೇನೆ. ಮಡ್ಡಿ ಇರಲಿಲ್ಲ. ಅದರ ಜಾಗದಲ್ಲಿ ಒಂದು ಮಹಡಿಯ ಮೆಟ್ಟಿಲು, ಹೂವಿನ ಕುಂಡಗಳು, ಹಿಂದೆ ಒಂದು ಕೊಳ, ಕೊಳದಲ್ಲಿ ಹಂಸ. ಎತ್ತಿದ ಕಾಲು ಅವಲಕ್ಷಣವೆಂದು ಅದರ ಕೆಳಗೆ ಒಂದು ಮಖಮಲ್ಲಿನ ಪೀಠ ಬಂದಿತ್ತು. ನೆಲಕ್ಕೆ ಬನಹಟ್ಟಿಯ ದಡಿ, ಎಳೆ ಎಣಿಸಿ ಬರೆದಂತೆ. ಮೋರೆ ಪಕ್ಕಕ್ಕೆ ಇದ್ದುದರಿಂದ ಚಿಗರಿಗೆ ಒಂದೇ ಕಣ್ಣು ಕಾಣುತ್ತಿತ್ತಲ್ಲ. ಈಗ ಎರಡು ಕಣ್ಣುಗಳಿದ್ದುವು. ಕಾಡಿಗೆಯೂ ಇತ್ತು. ಎರಡೂ ಕಣ್ಣುಗಳು ನೇರವಾಗಿ ನೋಡುವವನನ್ನೇ ನೋಡುತ್ತಿದ್ದುವು, ತನ್ನದೇ ಮದುವೆಯಲ್ಲಿ ಕುಳಿತಂತೆ.

ಎದ್ದು ನಿಲ್ಲಲು ಬಂದ ದಿನವೇ ರಬಕವಿಗೆ ಹೋದೆ. ಮಾಲಕರು ಫಿಲ್ಮಿನ ಮೇಲೆಯೇ ಚಾಕು ಹಿಡಿದು ಕೆರೆದಿದ್ದರು, ಮೂಲವೆಂಬುದು ಉಳಿದಿರಲಿಲ್ಲ.

“ಯಾಕ ಮಾಡಿದ್ರಿ?” ಎಂದು ಕೇಳಿದೆ. ನನ್ನ ಧ್ವನಿ ಬಹಳ ಶಾಂತವಾಗಿತ್ತೆಂದು ನೆನಪು.

ಅವರಿಗೆ ನಿಜವಾಗಿಯೂ ನೋವಾಯಿತು. “ಒಂದ ಕಣ್ಣಿತ್ರಿ ಅದಕ್ಕ. ಸತ್ತವರಿಗೇ ಎರಡೂ ಕಣ್ಣ ತೆರದ ಕೊಡಾಂವ ನಾ. ಜೀವಂತ ಇರೂ ಪ್ರಾಣಿಗೆ ಒಂದ ಹೆಂಗ ಕೊಡ್ಲಿ, ಹೇಳ್ರಿ?”

ಮುಂಬಯಿಯ ಉತ್ತರ ಹದಿನೈದು ದಿನಕ್ಕೆ ಬಂತು. ಕಾರಕೂನರು ಎಲ್ಲರಿಗೂ ಕೇಳುವಂತೆ ಓದಿದರು. ಚಿತ್ರ ಅತ್ಯುತ್ತಮವಾಗಿದೆ. ಪ್ರಾಣಿ ಪುಷ್ಟವಾಗಿದ್ದು, ಖಾಸಗಿ ತೋಟದಲ್ಲಿ ಮನುಷ್ಯರಿಗೆ ಚೆನ್ನಾಗಿ ಹೊಂದಿಕೊಂಡಿರುವುದು ಸ್ಪಷ್ಟ. ಆದ್ದರಿಂದ ಅದಕ್ಕಾಗಿ ಮಡ್ಡಿಯನ್ನು ಪ್ರತ್ಯೇಕವಾಗಿ ಕಾಯ್ದಿರಿಸುವ ಅವಶ್ಯಕತೆ ತೋರುವುದಿಲ್ಲ. ಛಾಯಾಚಿತ್ರಗ್ರಾಹಕನ ಕೆಲಸ ಪೂರ್ಣಗೊಂಡದ್ದರಿಂದ ಆ ಹುದ್ದೆಯನ್ನು ಮುಕ್ತಾಯಗೊಳಿಸಲಾಗಿದೆ.

“ಅತ್ಯುತ್ತಮ ಅಂದಾರ ನೋಡು!” ಎಂದು ಕಾರಕೂನರು ನನ್ನ ಬೆನ್ನು ತಟ್ಟಿದರು. ಎರಡನೆಯ ಸಲ ಓದಿದಾಗಲೇ ಅವರಿಗೆ ಅರ್ಥವಾಯಿತು. ಆಮೇಲೆ ಅವರು ಬಹಳ ಹೊತ್ತು ತಿಜೋರಿಯ ಕೀಲಿಯನ್ನು ಜನಿವಾರಕ್ಕೆ ಕಟ್ಟುತ್ತ, ಬಿಚ್ಚುತ್ತ ಕುಳಿತಿದ್ದರು. ಅವರನ್ನು ಬೈಯಲು ನಾನು ಸಿದ್ಧಪಡಿಸಿಕೊಂಡಿದ್ದ ಮಾತುಗಳು ಇಂದಿಗೂ ಹಾಗೆಯೇ ಉಳಿದಿವೆ.

ಮಳೆಗಾಲ ಮುಗಿಯುತ್ತಲೇ ಮಡ್ಡಿಯ ಮೇಲೆ ಸುರಂಗ ಹಾರಿಸತೊಡಗಿದರು. ಸದ್ದು ಬೀಳಗಿಯವರೆಗೆ ಕೇಳುತ್ತಿತ್ತು. ಆ ಚಳಿಗಾಲದಲ್ಲಿ ಒಂದು ಸಂತೆಯ ದಿನ ರಬಕವಿಯಲ್ಲಿ ಅಜ್ಜ ಎದುರಾದ. ಕುರಿಗಳನ್ನು ಮಾರಲು ಬಂದಿದ್ದ. ಆಗಲೇ ಮಾರಿದ್ದ, ಕೈಯಲ್ಲಿ ಕೋಲು ಮಾತ್ರ ಉಳಿದಿತ್ತು. ನಾನು ಅವನನ್ನು ಸ್ಟುಡಿಯೋದ ಮುಂದೆ ಕರೆದೊಯ್ದೆ. ಅಲ್ಲಿ ಗಾಜಿನ ಕಪಾಟಿನಲ್ಲಿ, ಎರಡು ಜೊತೆ ನವದಂಪತಿಗಳ ನಡುವೆ, ಕಟ್ಟು ಹಾಕಿಸಿ ನಮ್ಮ ಚಿಗರಿಯನ್ನು ಇಟ್ಟಿದ್ದರು.

ಅಜ್ಜ ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದ. ಮೆಟ್ಟಿಲು ನೋಡಿದ, ಹಂಸ ನೋಡಿದ, ಎರಡು ಕಣ್ಣು ನೋಡಿದ.

“ಅಂತೂ ಈ ಕಡೆ ನೋಡ್ತು ನೋಡ್ರಿ,” ಎಂದ. “ಮಡ್ಡಿ ಮ್ಯಾಲ ಒಂದೂ ಇಲ್ಲ. ಎಲ್ಲಿ ಹ್ವಾದ್ವು ಅಂತ ನಾ ಹುಡಕಾಕತ್ತಿದ್ನಿ. ಇಲ್ಲಿ ಬಂದ ಕುಂತೈತಿ.”

ಆಮೇಲೆ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿ, ಗಾಜಿನ ಹತ್ತಿರ ಬಾಗಿ, ಎರಡೂ ಕೈಯೆತ್ತಿ ಚಪ್ಪಾಳೆ ತಟ್ಟಿದ. “ಹುರ್ರ್!” ಎಂದ. ಸಂತೆಯ ಜನ ನಿಂತು ನೋಡಿದರು. ಅಜ್ಜ ಕಾಯ್ದ. ಮತ್ತೊಮ್ಮೆ ತಟ್ಟಿದ. ಆಮೇಲೆ ನನ್ನ ಕಡೆ ತಿರುಗಿದ.

“ಈಗ ತಗೀರಿ ಸಾಹೇಬ್ರ. ಓಡೂದಿಲ್ಲ.”